ಬಣ್ಣದವರ ಬೀದಿ

ನಮ್ಮೂರಿನಲ್ಲಿ ಎದುರುಬದುರಿನ ಎರಡು ಮನೆಯವರು ಮಾತು ಬಿಟ್ಟರೆ ಅವರ ಮನೆಗಳು ಒಂದರಿಂದ ಒಂದು ದೂರ ಸರಿಯುತ್ತವೆ, ಮತ್ತೆ ಮಾತಾಡಿದರೆ ಹತ್ತಿರ ಬರುತ್ತವೆ. ಇದರಲ್ಲಿ ಬೆರಗುಪಡುವಂಥದ್ದು ನಮಗೇನೂ ಕಾಣುವುದಿಲ್ಲ. ಮನೆಯಿಂದ ಮನೆಗೆ ಕರೆಂಟಿನ ತಂತಿ ಎಳೆಯುವವರು ಒಂದಿಷ್ಟು ಸಡಿಲ ಬಿಟ್ಟೇ ಎಳೆಯುತ್ತಾರೆ. ಹೊಸ ಸೊಸೆ ಬಂದರೆ ಅತ್ತೆಯಾದವಳು ಒಲೆ ತೋರಿಸುವ ಮೊದಲು, ಎದುರುಮನೆಯವರ ಜೊತೆ ಮಾತು ಇದೆಯೋ ಇಲ್ಲವೋ ಅನ್ನುವುದನ್ನು ಹೇಳಿಬಿಡುತ್ತಾಳೆ. ಒಯ್ದ ಮೊರ ವಾಪಸು ಬರಲಿಲ್ಲವೆಂದು ಮುನಿಸಿಕೊಂಡವರ ನಡುವೆ ಬೆಕ್ಕು ಮಲಗುವಷ್ಟು ಜಾಗ ಬಿಟ್ಟಿರುತ್ತದೆ. ಹಬ್ಬದ ದಿನ ಹೋಳಿಗೆ ಕೊಟ್ಟು ಮಾತಾಡಿಸಿದರೆ ಬೆಕ್ಕು ಎದ್ದು ಓಡಬೇಕು, ಅಷ್ಟೇ. ಆದರೆ ಒಬ್ಬರೇ ಮಾತಾಡಿದರೆ ಸಾಲದು, ಆ ಕಡೆಯ ಮನೆಯವರು ಯಾರಾದರೂ ಮರುಮಾತು ಆಡಲೇಬೇಕು. ಉತ್ತರ ಬರದ ಮಾತಿಗೆ ಮನೆಗಳು ಅಲುಗುವುದಿಲ್ಲ.

ಮಾತಿನ ಮಲ್ಲರ ಊರು ನಮ್ಮದು. ಬೆಳಗ್ಗೆ ಜಗಳವಾಡಿದವರು ಮಧ್ಯಾಹ್ನ ಬಾಯಿ ಕೆರೆದು ಮಾತಿಗೆ ಬರುತ್ತಿದ್ದರು. ಹಾಗಾಗಿ ಊರ ತುಂಬ ಬರೀ ಸಂದಿಗಳೇ ಇದ್ದವು. ಚಟ್ಟ ಹೊತ್ತವರು ಅದನ್ನು ಓರೆ ಮಾಡಿಕೊಂಡು ಹೋಗಬೇಕಾಗಿತ್ತು. ಮದುಮಗ ಕುದುರೆ ಏರಿದರೆ ಎರಡೂ ಮೊಣಕಾಲು ಗೋಡೆಗೆ ತರಚಿ ರಕ್ತ ಬರುತ್ತಿತ್ತು. ಹೆರಿಗೆ ನೋವು ಬಂದವಳನ್ನು ಬೆನ್ನ ಮೇಲೆ ಹೊತ್ತು ಊರ ಹೊರಗೆ ನಿಂತ ಗಾಡಿಗೆ ಸೇರಿಸಬೇಕು. ಎಷ್ಟೋ ಮಕ್ಕಳು ಅರ್ಧ ದಾರಿಯಲ್ಲೇ ಯಾರದೋ ಕಟ್ಟೆಯ ಮೇಲೆ ಹುಟ್ಟಿದವು, ಕೆಲವು ಉಳಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರವರ ಮೇಲೆ ನನಗೆ ಸಿಟ್ಟಿದ್ದರೂ ಅವರಿಗೆ ಒಂದು ಬೀದಿ ಬೇಕಾಗಿತ್ತು ಅನ್ನುವುದು ಸುಳ್ಳಲ್ಲ.

ಆ ಬೀದಿಗೆ ನಮ್ಮ ಮನೆತನದ ಹೆಸರು ಯಾಕೆ ಬಂತು ಅಂತ ಹೊರಗಿನವರು ಕೇಳಿದರೆ, ಬಣ್ಣದವರು ದೊಡ್ಡ ಮನಸ್ಸು ಮಾಡಿ ಜಾಗ ಬಿಟ್ಟುಕೊಟ್ಟರು ಅಂತ ಊರವರು ಹೇಳುತ್ತಾರೆ. ಆ ಮನಸ್ಸು ಎಷ್ಟು ದೊಡ್ಡದಿತ್ತು ಅನ್ನುವುದು ನನಗೆ ಗೊತ್ತು. ನಾನು ಆ ಮನೆಯವಳು, ನೀಲವ್ವ.

ನಾವು ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುವವರು. ನನ್ನ ಅಪ್ಪ ಮುರಿಗೆಪ್ಪ ಹಿರಿಯ, ಗುರಪಾದ ಕಾಕಾ ಕಿರಿಯ. ಇಬ್ಬರದೂ ಎದುರುಬದುರು ಮನೆ. ನಮ್ಮ ಹೊಸ್ತಿಲಿಂದ ಕಾಲು ಚಾಚಿದರೆ ಕಾಕಾನ ಹೊಸ್ತಿಲು. ಬಣ್ಣದ ಹಂಡೆಯ ಮುಂದಿನ ಕೆಲಸ ಅಪ್ಪನದು. ಬಣ್ಣ ಕುಡಿದ ನೂಲಿನ ಲಡಿಗಳನ್ನು ಹೆಗಲ ಮೇಲೆ ಹೇರಿಕೊಂಡು ಊರಾಚೆಯ ಹಳ್ಳಕ್ಕೆ ಹೋಗಿ ಹರಿಯುವ ನೀರಲ್ಲಿ ಜಾಲಿಸಿ ತರುವುದು ಕಾಕಾನದು. ಚಿಕ್ಕಂದಿನಲ್ಲಿ ಇನ್ನೊಂದು ಹೆಗಲ ಮೇಲೆ ನಾನಿರುತ್ತಿದ್ದೆ. ಹಳ್ಳದಲ್ಲಿ ಇದ್ದವರನ್ನು ತುರ್ತಾಗಿ ಕರೆಸಬೇಕಾದರೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮಾಳಿಗೆ ಹತ್ತಿ, ನೂಲು ಒಣಹಾಕುವ ಗಳಗಳಲ್ಲಿ ಎಲ್ಲಕ್ಕಿಂತ ಎತ್ತರದ್ದಕ್ಕೆ ಒಂದು ಕೆಂಪು ಲಡಿ ಕಟ್ಟುತ್ತಿದ್ದರು. ಅದು ಕಣ್ಣಿಗೆ ಬಿದ್ದರೆ ಕೈಯಲ್ಲಿದ್ದದ್ದು ನೀರು ಪಾಲಾದರೂ ಸರಿ, ಎದ್ದು ಓಡಿ ಬರಬೇಕು. ಹೆರಿಗೆ, ಸಾವು, ಬೆಂಕಿ, ಇಷ್ಟನ್ನು ಬಿಟ್ಟು ಬೇರೆ ಯಾವುದಕ್ಕೂ ಕೆಂಪು ಲಡಿ ಏರಿಸುತ್ತಿರಲಿಲ್ಲ.

ಅಜ್ಜಿ ಹಾಸಿಗೆ ಹಿಡಿದದ್ದು ನಮ್ಮ ಮನೆಯಲ್ಲಿ. ಒಂದು ಮಳೆಗಾಲ ಪೂರ್ತಿ ಅಪ್ಪನೇ ಅವಳನ್ನು ಎತ್ತಿ ಕೂರಿಸಿದ, ಗಂಜಿ ಕುಡಿಸಿದ, ಮೈ ಒರೆಸಿದ. ಕೊನೆಯ ದಿನ ಅವಳು ಬೆಳಗಿನಿಂದ ಕಾಕಾನ ಹೆಸರು ಹಿಡಿದು ಒಂದೇ ಸಮನೆ ಕರೆಯತೊಡಗಿದಳು. ಅಪ್ಪ ಕೆಂಪು ಲಡಿ ತಗೊಂಡು ಮಾಳಿಗೆ ಹತ್ತಿದ. ನಾನು ಮೆಟ್ಟಿಲ ಮೇಲೆ ಕೂತಿದ್ದೆ, ಸಣ್ಣವಳು. ಎಷ್ಟೋ ಹೊತ್ತಾದ ಮೇಲೆ ಅಪ್ಪ ಇಳಿದು ಬಂದ. ಲಡಿ ಅವನ ಕೈಯಲ್ಲೇ ಇತ್ತು. ಅದನ್ನು ಗೂಟಕ್ಕೆ ಸಿಗಿಸಿ ಮತ್ತೆ ಅಜ್ಜಿಯ ಮಗ್ಗುಲಲ್ಲಿ ಹೋಗಿ ಕೂತ.

ಹೊತ್ತು ಮುಳುಗುವಾಗ ಕಾಕಾ ಒದ್ದೆ ನೂಲು ಹೊತ್ತು ಹಾಡಿಕೊಳ್ಳುತ್ತ ಬಂದ. ಅಜ್ಜಿಯ ಮುಖದ ಮೇಲೆ ಆಗಲೇ ಬಟ್ಟೆ ಹೊದಿಸಿದ್ದರು. ಕಾಕಾ ನೂಲನ್ನು ಅಂಗಳದ ಮಣ್ಣಿನಲ್ಲೇ ಚೆಲ್ಲಿ, ನನ್ನನ್ನು ಯಾಕೆ ಕರೆಸಲಿಲ್ಲ, ಅವ್ವ ನನ್ನನ್ನು ಕೇಳಲಿಲ್ಲವೇ ಅಂದ. ಅಪ್ಪ ಅವನ ಕಡೆ ತಿರುಗಲೇ ಇಲ್ಲ.

"ಅವ್ವ ನಿನ್ನ ನೆನಸಲಿಲ್ಲ," ಅಂದ.

ಮಣ್ಣು ಮಾಡಿ ಬಂದ ಮೇಲೆ ಕಾಕಾ ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಮರುದಿನ ಎರಡೂ ಹೊಸ್ತಿಲುಗಳ ನಡುವೆ ನನಗೆ ಕಾಲು ಚಾಚಲಾಗಲಿಲ್ಲ, ಹಾರಬೇಕಾಯಿತು. ಆಮೇಲೆ ಹಾರಲೂ ಆಗಲಿಲ್ಲ. ನಮ್ಮ ಸಾಲಿನ ಮನೆಗಳೆಲ್ಲ ನಮ್ಮ ಗೋಡೆಗೆ ಅಂಟಿಕೊಂಡಿದ್ದವು, ಅವನ ಸಾಲಿನವು ಅವನ ಗೋಡೆಗೆ. ನಾವು ಸರಿದಂತೆ ಎರಡೂ ಸಾಲು ಸರಿದವು. ಯಾರೂ ಗೊಣಗಲಿಲ್ಲ. ದೀಪಾವಳಿಯ ಹೊತ್ತಿಗೆ ಮೊದಲ ಎತ್ತಿನ ಗಾಡಿ ಊರೊಳಗೆ ಬಂತು. ಜನ ಗಾಡಿಗೆ ಕುಂಕುಮ ಹಚ್ಚಿ, ಎತ್ತುಗಳ ಕಾಲಿಗೆ ನೀರು ಹಾಕಿದರು. ಅಪ್ಪ ಒಳಗೆ ಹಂಡೆ ಕಲಕುತ್ತಿದ್ದ.

ಬೀದಿ ಆದ ಮೇಲೆ ಎಲ್ಲವೂ ಬಂದವು. ಸಂತೆ ಬಂತು, ಬಸ್ಸು ಬಂತು, ಹೆಣ್ಣುಮಕ್ಕಳ ಶಾಲೆ ಬಂತು, ಬಸುರಿಯರನ್ನು ಒಯ್ಯುವ ವ್ಯಾನು ಬಂತು. ಬೀದಿಯ ನಟ್ಟನಡುವೆ, ನಮ್ಮ ಬಾಗಿಲಿಗೆ ಸರಿಯಾಗಿ, ಹುಸೇನಬಿ ಬಳೆ ಅಂಗಡಿ ಇಟ್ಟಳು. ಗಂಡ ಬಿಟ್ಟುಹೋದವಳು, ನನಗಿಂತ ತುಸು ದೊಡ್ಡವಳು. ಆ ಅಂಗಡಿಯಿಂದಲೇ ಮಕ್ಕಳನ್ನು ದಡ ಮುಟ್ಟಿಸಿದಳು. ನಾನು ಮದುವೆ ಮಾಡಿಕೊಳ್ಳಲಿಲ್ಲ, ಹಂಡೆಯ ಕೆಲಸಕ್ಕೇ ನಿಂತೆ. ದಿನಕ್ಕೊಮ್ಮೆಯಾದರೂ ಅವಳ ಹತ್ತಿರ ಕೂತು ಎಲೆ ಅಡಿಕೆ ಹಾಕಿಕೊಳ್ಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ಊರಿನವರು ನಮ್ಮ ಎರಡೂ ಮನೆಗಳನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಮದುವೆಗಳಲ್ಲಿ ಮೊದಲ ತಾಂಬೂಲ ನಮಗೆ, ಆದರೆ ಅಪ್ಪನಿಗೆ ಒಂದು ಮೂಲೆಯಲ್ಲಿ, ಕಾಕಾನಿಗೆ ಇನ್ನೊಂದು ಮೂಲೆಯಲ್ಲಿ. ಅಪ್ಪನ ಸಿಟ್ಟು ಇಳಿಯುತ್ತಿದೆ ಅನ್ನಿಸಿದಾಗಲೆಲ್ಲ ಯಾರಾದರೂ ಜಗಲಿಗೆ ಬಂದು, ನಿಮ್ಮ ತಮ್ಮ ಹೀಗಂದ ಹಾಗಂದ ಅಂತ ಕಿವಿ ಚುಚ್ಚಿ ಹೋಗುತ್ತಿದ್ದರು. ಅತ್ತ ಕಡೆಗೂ ಹಾಗೇ ಹೋಗುತ್ತಿದ್ದರೆಂದು ಕಾಣುತ್ತದೆ. ಮುನಿಸು ನಮ್ಮದೇ ಆಗಿತ್ತು, ನಿಜ. ಅದು ಆರದಂತೆ ನೋಡಿಕೊಂಡವರು ಮಾತ್ರ ಊರವರು. ಕಾಕಾ ತನ್ನ ಕಟ್ಟೆಯ ಮೇಲೆ ಕೂತು ಮುಪ್ಪಾಗುವುದನ್ನು ನಾನು ನಮ್ಮ ಕಟ್ಟೆಯ ಮೇಲೆ ಕೂತು ನೋಡಿದೆ. ದೂರದಿಂದ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ನನಗೆ ಅವನು ಬೇಕಾಗಿದ್ದ.

ಅಪ್ಪನಿಗೆ ವಯಸ್ಸಾಯಿತು, ಎದೆನೋವು ಶುರುವಾಯಿತು. ಒಂದು ದಿನ ಮಾಳಿಗೆಯ ಮೇಲೆ ನೂಲು ಹರವುತ್ತಿದ್ದಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದ. ಅಂದು ಲಡಿ ಹಿಡಿದು ಇಲ್ಲೇ ನಿಂತಿದ್ದನಂತೆ. ಕೆಳಗಿನಿಂದ ಅಜ್ಜಿಯ ಕೂಗು ಕೇಳುತ್ತಲೇ ಇತ್ತಂತೆ.

"ಅಷ್ಟು ದಿನ ಮಾಡಿದ್ನೆವ್ವಾ ನೀಲಾ. ಒಂದ ಸಲ, ಒಂದs ಸಲ ಮುರಿಗ್ಯಾ ಅನ್ಲಿ, ಆಮ್ಯಾಲ ಕಟ್ಟಿದ್ರಾತು ಅಂತ ಕಾದೆ. ಅನ್ಲಿಲ್ಲ."

ಅಪ್ಪ ಅಳುವುದನ್ನು ಅದೇ ಮೊದಲು ನೋಡಿದ್ದು. ತಮ್ಮನಿಗೆ ಇದನ್ನು ಹೇಳದೆ ಮಣ್ಣು ಸೇರಲಾರೆ, ಅವ್ವ ನಿನ್ನನ್ನೇ ಕರೆದಳು ಅಂತ ಅವನಿಗೆ ಗೊತ್ತಾಗಬೇಕು ಅಂದ.

ಆಗಲೇ ಎದ್ದು ಬೀದಿ ದಾಟಿ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಪ್ಪ ಮರ್ಯಾದಸ್ಥ. ಹೇಳದೆ ಕೇಳದೆ ಮಾತಾಡಿದರೆ ಅಂಗಡಿಗಳು ಎರಡು ಗೋಡೆಗಳ ನಡುವೆ ಸಿಕ್ಕಿ ಅಪ್ಪಚ್ಚಿಯಾಗುತ್ತವಲ್ಲ. ಅದಕ್ಕೇ ಕೋಲು ಊರಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಿ, ನಾನು ತಮ್ಮನನ್ನು ಮಾತಾಡಿಸುವವನಿದ್ದೇನೆ, ನಿಮ್ಮ ನಿಮ್ಮ ಸಾಮಾನು ತೆಗೆದುಕೊಳ್ಳಿ ಅಂತ ಕೈಮುಗಿದು ಹೇಳಿ ಬಂದ. ಹುಸೇನಬಿ ಬಳೆ ಒರೆಸುತ್ತ ಕೂತಳು, ನನ್ನ ಮುಖ ನೋಡಲಿಲ್ಲ.

ಅದೇ ದಿನ ಪಂಚರ ಹಿರಿಯ ರಾಚಪ್ಪ ಶೆಟ್ಟರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಕೆಟ್ಟವರಲ್ಲ ಶೆಟ್ಟರು. ಅವರ ಹೆಂಡತಿ ಹೆರಿಗೆಗೆ ಹೋಗುವಾಗ ಸಂದಿಯಲ್ಲೇ ತೀರಿಕೊಂಡವಳು. ಜಮಖಾನೆಯ ಮೇಲೆ ಕೂತು, ಹಾಲು ಕುಡಿದು, ಬಹಳ ಹೊತ್ತು ಊರಿನ ಕಷ್ಟಸುಖ ಮಾತಾಡಿದರು. ಕೊನೆಗೆ ಅಪ್ಪನ ಕೈ ಹಿಡಿದುಕೊಂಡರು.

"ಮುರಿಗೆಪ್ಪನವರ, ನೀವು ಇಬ್ಬರು ಮಾತಾಡಿದ್ರ ನಿಮಗ ಸಮಾಧಾನ ಆಕ್ಕೈತಿ, ಖರೆ. ನಾಳೆ ಬಸುರಿ ಹೆಂಗಸರನ್ನ ಯಾವ ದಾರೀಲೆ ಒಯ್ಯೂಣು, ಅದನ್ನೂ ನೀವs ಹೇಳ್ರಿ."

ಆಮೇಲೆ ಶೆಟ್ಟರು, ಇಷ್ಟು ವರ್ಷ ಹೆಸರಿಲ್ಲದೆ ಇರುವ ಈ ಬೀದಿಗೆ ನಿಮ್ಮ ಮನೆತನದ ಹೆಸರನ್ನೇ ಇಡಬೇಕೆಂದು ಪಂಚರು ಠರಾಯಿಸಿದ್ದಾರೆ, ಬಣ್ಣದವರ ಬೀದಿ ಅಂತ ಬೋರ್ಡು ಹಾಕುತ್ತೇವೆ, ಮಕ್ಕಳು ಮೊಮ್ಮಕ್ಕಳು ನೆನೆಯುತ್ತಾರೆ ಅಂದರು. ಮಾತಾಡದೆ ಇರುವುದಕ್ಕೆ ಇನಾಮು ಅಂತ ಅವರು ಅನ್ನಲಿಲ್ಲ. ನಮ್ಮ ಬೀದಿಗೆ ಹೆಸರು ಬಂದದ್ದು ಹೀಗೆ. ಬೇರೆ ಯಾರಾದರೂ ಬೇರೆ ಏನಾದರೂ ಹೇಳಿದರೆ ನಂಬಬೇಡಿ.

ಅಪ್ಪ ಒಪ್ಪಿಕೊಂಡ. ನನಗೆ ಆಶ್ಚರ್ಯವಾಯಿತು. ಅವರು ಹೋದ ಮೇಲೆ, ಬೋರ್ಡು ಹಾಕುವ ದಿನ ಗುರಪಾದನೂ ಬಂದೇ ಬರುತ್ತಾನೆ, ಎದುರಿಗೆ ನಿಲ್ಲುತ್ತಾನೆ, ಅಲ್ಲೇ ಹೇಳಿಬಿಡುತ್ತೇನೆ ಅಂದ. ಬಸುರಿಯರ ಗತಿ ಏನು ಅಂತ ನಾನು ಕೇಳಿದೆ. ಅದನ್ನು ಕೇಳಬೇಡ, ನನಗೆ ಇನ್ನು ತಡೆಯಲಾಗುವುದಿಲ್ಲ ಅಂತ ಗೋಡೆಗೆ ಮುಖ ಮಾಡಿದ.

ಬೋರ್ಡು ನೀಲಿ ಬಣ್ಣದ್ದು, ಮೇಲೆ ಬಿಳಿ ಅಕ್ಷರ. ನಮ್ಮ ಮನೆಯ ಗೋಡೆಗೇ ಮೊಳೆ ಹೊಡೆದರು. ಊರಿಗೆ ಊರೇ ಸೇರಿತ್ತು. ಬೋರ್ಡಿನ ಈ ಕಡೆ ಅಪ್ಪನಿಗೆ ಕುರ್ಚಿ, ಆ ಕಡೆ ಕಾಕಾನಿಗೆ ಕುರ್ಚಿ, ನಡುವೆ ಶೆಟ್ಟರು. ಕಾಕಾನನ್ನು ಅಷ್ಟು ಹತ್ತಿರದಿಂದ ನಾನು ನೋಡಿ ಯಾವ ಕಾಲವಾಗಿತ್ತೋ. ಅವನ ಹುಬ್ಬುಗಳು ಪೂರ್ತಿ ಬೆಳ್ಳಗಾಗಿದ್ದವು. ಹಾರ ಹಾಕಿದರು, ಶಾಲು ಹೊದಿಸಿದರು, ಶೆಟ್ಟರು ಭಾಷಣ ಮಾಡಿದರು. ಅಪ್ಪ ಕೋಲು ಊರಿ ಎದ್ದು ನಿಂತು, ತಮ್ಮನ ಕಡೆ ತಿರುಗಿ, "ಗುರಪಾದಾ" ಅಂದ. ಕಾಕಾ ತಲೆ ಎತ್ತಿದ. ಶೆಟ್ಟರ ಕೈ ಮೇಲಕ್ಕೆ ಹೋಗಿದ್ದನ್ನು ನಾನು ನೋಡಿದೆ. ಬ್ಯಾಂಡಿನವರು ಒಮ್ಮೆಲೇ ಬಾರಿಸತೊಡಗಿದರು. ಅಪ್ಪ ಹೇಳುತ್ತಲೇ ಇದ್ದ. ಬಾಯಿ ಆಡುತ್ತಿತ್ತು, ಕತ್ತಿನ ನರಗಳು ಉಬ್ಬಿದ್ದವು, ಒಂದಕ್ಷರವೂ ಯಾರಿಗೂ ಕೇಳಲಿಲ್ಲ. ಕಾಕಾ ಕಿವಿಗೆ ಕೈ ಹಚ್ಚಿ ಮುಂದೆ ಬಾಗಿದ. ಅಷ್ಟರಲ್ಲಿ ಜನ ಜಯಕಾರ ಹಾಕುತ್ತ ಇಬ್ಬರನ್ನೂ ಎತ್ತಿ, ಒಬ್ಬರನ್ನು ಬೀದಿಯ ಆ ತುದಿಗೆ, ಇನ್ನೊಬ್ಬರನ್ನು ಈ ತುದಿಗೆ ಮೆರವಣಿಗೆಯಲ್ಲಿ ಒಯ್ದರು. ಅಪ್ಪನನ್ನು ಮನೆಗೆ ತಂದು ಇಳಿಸಿದಾಗ ಅವನ ಬಲಗೈ ಜೋತುಬಿದ್ದಿತ್ತು. ಲಕ್ವ ಹೊಡೆದಿತ್ತು. ಬಾಯಿ ಸೊಟ್ಟಗಾಗಿ, ಮಾತು ಹೋಗಿತ್ತು.

ಮಾರನೆಯ ದಿನವೇ ಕಾಕಾ ಬೀದಿ ದಾಟಿ ನಮ್ಮ ಮನೆಗೆ ಬಂದ. ಯಾರೂ ತಡೆಯಲಿಲ್ಲ. ಈಗ ಯಾಕೆ ತಡೆಯುತ್ತಾರೆ? ಉತ್ತರ ಕೊಡಲಾರದವನ ಮುಂದೆ ಎಷ್ಟು ಮಾತಾಡಿದರೂ ಮನೆ ಸರಿಯುವುದಿಲ್ಲ ಅನ್ನುವುದು ಊರಿಗೆಲ್ಲ ಗೊತ್ತು. ಶೆಟ್ಟರು ಮಾತ್ರ ನನ್ನನ್ನು ಹೊರಗೆ ಕರೆದು, ನೀನೂ ಆ ಮನೆಯವಳೇ, ನಿನ್ನ ಬಾಯಿಂದ ಒಂದು ಮಾತೂ ಬರಬಾರದು ಅಂತ ಎಚ್ಚರಿಕೆ ಹೇಳಿ ಹೋದರು.

ಕಾಕಾ ದಿನಾ ಬರತೊಡಗಿದ. ಅಪ್ಪನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು, ಹಳ್ಳದ ನೀರು ಕಡಿಮೆಯಾದದ್ದು, ಅವನ ಹೆಂಡತಿ ಚಿಗವ್ವನ ಮೊಣಕಾಲು ನೋವು, ಸಣ್ಣವರಿದ್ದಾಗ ಇಬ್ಬರೂ ನೀಲಿ ಹಂಡೆಯಲ್ಲಿ ನಾಯಿಮರಿಯನ್ನು ಅದ್ದಿ ಅಜ್ಜನಿಂದ ಹೊಡೆತ ತಿಂದದ್ದು, ಹೀಗೆ ನೆನಪಾದದ್ದೆಲ್ಲ ಹೇಳುತ್ತಿದ್ದ. ಅಪ್ಪ ಅವನ ಬಾಯನ್ನೇ ನೋಡುತ್ತ, ಗಂಟಲಲ್ಲಿ ಏನೋ ಮಾಡಲು ಹೋಗಿ, ಆಗದೆ ಬೆವರುತ್ತಿದ್ದ. ನಾನು ಚಹಾ ತಂದಿಟ್ಟು ತುಟಿ ಕಚ್ಚಿಕೊಂಡು ಒಳಗೆ ಹೋಗುತ್ತಿದ್ದೆ. ನಮ್ಮ ಮನೆಯಲ್ಲಿ ಅಷ್ಟು ಮಾತು ಎಂದೂ ಆಗಿರಲಿಲ್ಲ, ಬೀದಿ ಮಾತ್ರ ಇದ್ದಲ್ಲೇ ಇತ್ತು. ಊರಿನವರು ನಮ್ಮನ್ನು ಹೊಗಳುತ್ತಿದ್ದರು.

ಅಪ್ಪ ಹೇಳಬೇಕೆಂದಿದ್ದನ್ನು ಬಚ್ಚಿಟ್ಟುಕೊಳ್ಳುವುದು ಈಗ ನನ್ನ ಪಾಲಿಗೆ ಬಂದಿತ್ತು. ತಡೆಯಲಾಗದೆ ಹುಸೇನಬಿಯ ಹತ್ತಿರ ಹೋಗಿ, ಏನು ಮಾಡಲಿ ಹೇಳು ಅಂದೆ. ಅವಳು ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು.

"ನನ್ನ ಕೇಳಬ್ಯಾಡ ನೀಲವ್ವಾ. ಕೇಳಿದ್ರ ನಾ ಬ್ಯಾಡ ಅಂತೀನಿ. ನನ್ನ ಬಾಯಿಂದ ಹೂಂ ಅನಿಸಿಕೊಂಡು ನೀ ಹಗುರಾಗಬ್ಯಾಡ."

ಅವಳು ಹೇಳಿದ್ದು ಸರಿ ಅನ್ನಿಸಿತು, ಅವಳ ಮೇಲೆ ಸಿಟ್ಟೂ ಬಂತು. ಎದ್ದು ಬಂದೆ.

ಅಪ್ಪ ದಿನದಿಂದ ದಿನಕ್ಕೆ ಇಳಿಯುತ್ತಿದ್ದ. ಒಂದು ಬೆಳಗ್ಗೆ ಕಾಕಾ ಬಂದು ಕೂತವನು ಎಂದಿನ ಹಾಗೆ ಹಳೆಯ ಮಾತು ತೆಗೆಯಲಿಲ್ಲ. ಅಣ್ಣನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಅವತ್ತು ಬ್ಯಾಂಡಿನ ಗದ್ದಲದಲ್ಲಿ ನೀನು ಏನೋ ಹೇಳಿದೆ, ನನಗೆ ಕೇಳಲಿಲ್ಲ ಅಂದ. ಆಮೇಲೆ ಕೇಳಿದ.

"ಅವ್ವ ಖರೇನ ನನ್ನ ನೆನಸಲಿಲ್ಲೇನೋ ಯಣ್ಣಾ?"

ಅಪ್ಪನ ಬಾಯಿ ತೆರೆಯಿತು. ಅದರೊಳಗಿಂದ ಬಂದದ್ದು ಮಾತಲ್ಲ. ಎರಡು ಮೂರು ಸಲ ಪ್ರಯತ್ನಪಟ್ಟ. ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯಿತು. ಆಮೇಲೆ ಅವನು ಕಾಕಾನನ್ನು ಬಿಟ್ಟು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದ. ನಾನು ಹೊರಗೆ ನೋಡಿದೆ. ಬೀದಿಯಲ್ಲಿ ಬಿಸಿಲು ಬಿದ್ದಿತ್ತು. ಹುಸೇನಬಿ ಒಬ್ಬ ಹುಡುಗಿಯ ಕೈಗೆ ಬಳೆ ಏರಿಸುತ್ತಿದ್ದಳು. ಶಾಲೆಯ ಮಕ್ಕಳು ಕೂಡಿಕೊಂಡು ಹೋಗುತ್ತಿದ್ದರು. ಅದೆಲ್ಲವೂ ನನ್ನ ಕಣ್ಣಿಗೆ ಬಿತ್ತು. ನೋಡಲಿಲ್ಲ ಅಂತ ನಾನು ಹೇಳುವುದಿಲ್ಲ.

"ಕರದ್ಲು ಕಾಕಾ," ಅಂದೆ. "ಮುಂಜಾನಿಂದ ನಿನ್ನ ಹೆಸರs ಹಿಡದು ಕರದ್ಲು. ಉಸುರು ಹೋಗೂತನ ಕರದ್ಲು."

ಕಾಕಾ ನನ್ನ ಕಡೆ ತಿರುಗಲಿಲ್ಲ. ಹಿಡಿದ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ. ಒಲೆಯ ಮೇಲಿನ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದು ಮಾಡತೊಡಗಿದವು. ಮಾಳಿಗೆಯಿಂದ ಮಣ್ಣು ಉದುರಿತು. ಮನೆ ಹೊರಟಿತ್ತು. ನಾನು ಉಳಿದದ್ದನ್ನೂ ಹೇಳಿದೆ. ಅಪ್ಪ ಲಡಿ ಹಿಡಿದು ಮಾಳಿಗೆಯ ಮೇಲೆ ನಿಂತದ್ದು, ಅಜ್ಜಿ ತನ್ನ ಹೆಸರನ್ನೂ ಒಮ್ಮೆಯಾದರೂ ಕರೆಯಲಿ ಅಂತ ಕಾದದ್ದು, ಅವಳು ಕರೆಯದೇ ಹೋದದ್ದು. ಹೊರಗೆ ಜನ ಕೂಗಾಡುತ್ತಿದ್ದರು, ತಗಡು ಎಳೆಯುವ ಸದ್ದು, ಗಾಡಿ ತಿರುಗಿಸುವ ಸದ್ದು ಬರುತ್ತಿತ್ತು. ಕಾಕಾ ಎಲ್ಲ ಕೇಳಿದ ಮೇಲೆ ಅಪ್ಪನ ಮುಖದ ಹತ್ತಿರ ಬಾಗಿ, ಶಾಲಿನ ತುದಿಯಿಂದ ಅವನ ಕೆನ್ನೆ ಒರೆಸಿದ.

"ಅವ್ವಗ ನಿನ್ನ ಕರಿಯೋ ಜರೂರ ಎಲ್ಲಿತ್ತೋ ಯಣ್ಣಾ? ನೀ ಮಗ್ಗಲದಾಗs ಇದ್ದೆಲ್ಲ."

ಅಪ್ಪ ಮಗುವಿನ ಹಾಗೆ ದನಿ ತೆಗೆದು ಅತ್ತ. ಅಷ್ಟು ವರ್ಷದಲ್ಲಿ ಇದು ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಸಂಜೆಯ ಹೊತ್ತಿಗೆ ಬೀದಿ ಮುಗಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ನಮ್ಮೂರಿನವರಿಗೆ ಬೇಗ ಸಾಮಾನು ಕಟ್ಟುವುದು ಗೊತ್ತು. ಆದರೆ ಎಷ್ಟೋ ಬಳೆಗಳು ಒಡೆದವು. ಶೆಟ್ಟರು ಬಂದು ಸಂದಿಯ ಬಾಯಲ್ಲಿ ನಿಂತು, ಇನ್ನು ಮುಂದೆ ದಾರಿಯಲ್ಲಿ ಸತ್ತವರ ಪಾಪ ನಿನಗೆ ಅಂದರು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಇದೆ, ಹೋಗುವುದಿಲ್ಲ. ಒಂದಿಷ್ಟು ಕಾಲದಲ್ಲೇ ಊರಿನ ಇನ್ನೊಂದು ಮಗ್ಗುಲಲ್ಲಿ ಬೀಗರಿಬ್ಬರು ಮಾತು ಬಿಟ್ಟು ಅಲ್ಲೊಂದು ಬೀದಿ ಆಯಿತು. ವ್ಯಾನು ಈಗ ಆ ದಾರಿಯಲ್ಲಿ ಹೋಗುತ್ತದೆ. ಅಲ್ಲಿಯವರೆಗೆ ಯಾರಿಗೂ ಏನೂ ಆಗಲಿಲ್ಲ, ಅದು ನನ್ನ ಪುಣ್ಯ, ನನ್ನ ಬುದ್ಧಿವಂತಿಕೆಯಲ್ಲ. ಹುಸೇನಬಿಯ ಅಂಗಡಿಯೂ ಅಲ್ಲಿಗೇ ಹೋಯಿತು. ಅವಳು ನನ್ನನ್ನು ಮಾತಾಡಿಸುವುದಿಲ್ಲ. ಅವಳ ಮನೆ ಇರುವುದು ಊರಿನ ಆ ತುದಿಯಲ್ಲಿ, ಆದ್ದರಿಂದ ಇದಕ್ಕೆ ಯಾವ ಗೋಡೆಯೂ ಸರಿಯಲಿಲ್ಲ. ನನಗೊಬ್ಬಳಿಗೇ ಅದು ಗೊತ್ತಾಗುತ್ತದೆ. ಪಂಚರು ಸಿಟ್ಟಿನಿಂದ ಬೋರ್ಡು ಕಿತ್ತುಹಾಕಲು ಆಳು ಕಳಿಸಿದ್ದರು. ಸಂದಿಯಲ್ಲಿ ಏಣಿ ಹಾಕಲು ಜಾಗ ಸಾಲದೆ ಆಳು ವಾಪಸು ಹೋದ. ಹಾಗಾಗಿ ಒಬ್ಬರು ಎದುರಾದರೆ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದ ಈ ಸಂದಿಗೆ ಬಣ್ಣದವರ ಬೀದಿ ಅನ್ನುವ ಹೆಸರು ಉಳಿದುಕೊಂಡಿತು.

ಅಪ್ಪ ಆಮೇಲೆ ಒಂದು ಚಳಿಗಾಲ ಬದುಕಿದ. ಮಾತು ಬರಲಿಲ್ಲ. ಅವನ ಹಾಸಿಗೆಯನ್ನು ಬಾಗಿಲ ಹತ್ತಿರ ಹಾಕಿಕೊಟ್ಟೆ. ಎದುರುಮನೆಯಲ್ಲಿ ಕಾಕಾ ಬೆಳಗ್ಗೆ ಏಳುತ್ತಲೇ ಕೆಮ್ಮುತ್ತಿದ್ದ. ಅದು ಕೇಳಿಸಿದ ಮೇಲೆ ಅಪ್ಪ ಗಂಜಿಗೆ ಬಾಯಿ ತೆರೆಯುತ್ತಿದ್ದ.